ವರ್ಷಕ್ಕೊಂದೇ ಉಬ್ಬರ

ಆಷಾಢದಲ್ಲಿ ಹಿರೇಹಳ್ಳಿ ಬಯಲಿಗೆ ಬೀಸುವ ಗಾಳಿ ಕಡಲ ಮೇಲಿಂದ ಎದ್ದು ಬಂದದ್ದು. ನಮ್ಮೂರಿನಿಂದ ನೇರ ಪಡುವಣಕ್ಕೆ ಗೆರೆ ಎಳೆದರೆ 250 ಕಿಲೋಮೀಟರ್ ದಾಟಿದ ಮೇಲೆ ಮಲ್ಪೆಯ ಆಸುಪಾಸಿನಲ್ಲಿ ಸಮುದ್ರ ಸಿಗುತ್ತದೆ. ಅಲ್ಲಿ ದೋಣಿಗಳನ್ನು ದಡ ಸೇರಿಸುವ ಅದೇ ಮುಂಗಾರು ಮಾರುತ, ಘಟ್ಟದಲ್ಲಿ ಮಳೆಯ ಬಹುಪಾಲನ್ನು ಸುರಿದು ಬಂದು, ಇಲ್ಲಿ ಕೆರೆಯ ನೀರನ್ನು ಕದಡುತ್ತದೆ. ಅಲೆ ಹುಟ್ಟುವ ಬಗೆಯನ್ನು ತಿಳಿಯಲು ಕುಣಿಗಲ್ ದೊಡ್ಡಕೆರೆಯ ಏರಿಯೇ ಸಾಕು.

ಗಾಳಿ ನೀರನ್ನು ಸವರಿದಾಗ ಮೊದಲು ಏಳುವುದು ನವಿರಾದ ಸುಕ್ಕು. ಆ ಸುಕ್ಕಿನ ಬೆನ್ನು ಗಾಳಿಯ ಹಿಡಿತಕ್ಕೆ ಸಿಕ್ಕಿತೆಂದರೆ ತೆರೆ ಬೆಳೆಯತೊಡಗುತ್ತದೆ. ಎಷ್ಟು ಬೆಳೆಯುತ್ತದೆಂಬುದಕ್ಕೆ ಗಾಳಿಯ ರಭಸ, ಅದು ಬಿಡದೆ ಬೀಸಿದ ಹೊತ್ತು, ನೀರಿನ ಮೇಲೆ ಅದು ಓಡಿದ ದೂರ, ಮೂರೂ ಕಾರಣ. ಕೆರೆಯಲ್ಲಿ ಆ ದೂರ ಒಂದೆರಡು ಕಿಲೋಮೀಟರ್. ಅರಬ್ಬಿ ಸಮುದ್ರದಲ್ಲಿ ಸಾವಿರ ದಾಟುತ್ತದೆ. ಅದಕ್ಕೇ ಇಲ್ಲಿ ಗೇಣುದ್ದದ ತೆರೆ, ಅಲ್ಲಿ ಆಳೆತ್ತರ ಮೀರಿದ ಅಲೆ. ತೇಲುವ ತೆಂಗಿನ ಸಿಪ್ಪೆಯನ್ನೇ ನೋಡಿ: ತೆರೆ ಬಂದಾಗ ಮೇಲೇರಿ ಮುಂದಕ್ಕೆ ವಾಲುತ್ತದೆ, ದಾಟಿದೊಡನೆ ಕೆಳಗಿಳಿದು ಹೆಚ್ಚುಕಡಿಮೆ ಇದ್ದಲ್ಲಿಗೇ ಬರುತ್ತದೆ. ದಡದತ್ತ ಸಾಗುವುದು ಗಾಳಿ ನೀರಿಗೆ ಕೊಟ್ಟ ಶಕ್ತಿ ಮಾತ್ರ. ಆಳ ಕಡಿಮೆಯಾದಲ್ಲಿ ತೆರೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮುಂದಕ್ಕೆ ಮುಗ್ಗರಿಸಿ ನೊರೆಯಾಗುತ್ತದೆ.

ದಡದ ಜೀವಿಗಳ ವಿಷಯಕ್ಕೆ ಬಂದರೆ ಕೆರೆಯದು ಬೇರೆಯೇ ಲೆಕ್ಕ. ಮಲ್ಪೆಯ ಬಂಡೆಗಳ ಮೇಲೆ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಅಲ್ಲಿ ಕಚ್ಚಿಕೊಂಡ ಬಾರ್ನಕಲ್ ತನ್ನ ಸುಣ್ಣದ ಗೂಡಿನ ಬಾಗಿಲು ಮುಚ್ಚಿ ಕೆಲವು ಗಂಟೆ ಬಿಸಿಲು ತಡೆದರಾಯಿತು. ಕೆರೆಗೆ ಉಬ್ಬರ ವರ್ಷಕ್ಕೊಂದೇ: ಮಳೆಗೆ ತುಂಬಿದ್ದು ಬೇಸಿಗೆಗೆ ಇಳಿಯುತ್ತದೆ. ಹಾಗಾಗಿ ನಮ್ಮ ದಪ್ಪ ಬಸವನಹುಳು ತಿಂಗಳುಗಟ್ಟಲೆ ತಡೆಯಬೇಕು. ನೀರು ಹಿಂದೆ ಸರಿದಂತೆ ಅದು ಕೆಸರಿನೊಳಗೆ ಇಳಿದು, ಪಾದಕ್ಕೆ ಅಂಟಿದ ಗಟ್ಟಿ ಬಿಲ್ಲೆಯನ್ನು ಚಿಪ್ಪಿನ ಬಾಯಿಗೆ ಕೂರಿಸಿಕೊಂಡು ನಿದ್ದೆ ಹೋಗುತ್ತದೆ. ಕಿವಿರಿನ ಜೊತೆಗೆ ಶ್ವಾಸಕೋಶದಂಥ ಚೀಲವೂ ಇರುವುದರಿಂದ ಗಾಳಿಯನ್ನೂ ಉಸಿರಾಡಬಲ್ಲದು. ಬಿರುಕು ಬಿಟ್ಟ ಕೆರೆಯಂಗಳದಲ್ಲಿ ಒಂದನ್ನು ಎತ್ತಿ ನೋಡಿದರೆ ಬಿಲ್ಲೆಗೂ ಚಿಪ್ಪಿಗೂ ನಡುವೆ ಉಗುರು ತೂರುವುದಿಲ್ಲ. ಏಡಿ ತೇವ ಹುಡುಕಿ ಬಿಲವನ್ನು ಇನ್ನಷ್ಟು ಆಳಕ್ಕೆ ಕೊರೆಯುತ್ತದೆ. ಮೇಲುಳಿದ ಕೆಸರಂಚಿನಲ್ಲಿ ಚಳಿಗಾಲಕ್ಕೆ ವಲಸೆ ಬಂದ ಸಿಪಿಲೆಗಳು ಬಾಲ ಕುಣಿಸುತ್ತ ಹುಳ ಹೆಕ್ಕುತ್ತವೆ.

ಇವಕ್ಕೆಲ್ಲ ಬೇಕಾದದ್ದು ನಿಧಾನವಾಗಿ ಇಳಿಯುವ ಮಣ್ಣಿನ ಅಂಚು. ಕೆರೆಯನ್ನು ಚೆಂದ ಮಾಡುವ ಹೆಸರಲ್ಲಿ ಸುತ್ತಲೂ ನೆಟ್ಟಗೆ ಗೋಡೆ ಕಟ್ಟಿ ವಾಕಿಂಗ್ ದಾರಿ ಹಾಕುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಏರಿಯ ಒಳಮೈಗೆ ಕಲ್ಲು ಹೊದಿಸಲೇಬೇಕು, ಇಲ್ಲದಿದ್ದರೆ ಆಷಾಢದ ತೆರೆ ಮಣ್ಣನ್ನು ಕೊರೆದುಬಿಡುತ್ತದೆ. ಉಳಿದ ಕಡೆಯ ದಡವನ್ನಾದರೂ ಇಳಿಜಾರಾಗಿಯೇ ಬಿಡಲಿ. ಬಸವನಹುಳುವಿಗೆ ಇಳಿಯಲು ಕೆಸರು ಬೇಕು.