ಕಾಣದ ಅಕ್ಷರ

ಗೋಕಾಕ, ಮೂಡಲಗಿಗಳ ಸೀಮೆಯು ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದುದು. ಆ ಬಯಲಾಟವನ್ನು ಬೆಳಗಿಸಿದ ಕುಲಗೋಡ ತಮ್ಮಣ್ಣ ಹಾಗೂ ಕೌಜಲಗಿ ನಿಂಗಮ್ಮ ಇವರ ಊರುಗಳೆರಡೂ ಈ ಸೀಮೆಯಲ್ಲಿಯೇ ಇವೆ. ಮೂಡಲಗಿಯ ನನ್ನ ಗೆಳೆಯರೊಬ್ಬರು ಈ ಆಟದ ಹಾಡುಗಳನ್ನು ಹಳೆಯ ಕ್ಯಾಸೆಟ್ಟುಗಳಿಂದ ಗಣಕಯಂತ್ರಕ್ಕೆ ಇಳಿಸಿದ್ದರು. ಕ್ಯಾಸೆಟ್ಟುಗಳು ಸವೆದು ಕೆಟ್ಟುಹೋದವು. ಉಳಿದುದು ಆ ಒಂದೇ ಪ್ರತಿ. ಅದೂ ಅಳಿದರೆ ಹಾಡುಗಳು ಮತ್ತೆ ದೊರೆಯುವಂತಿರಲಿಲ್ಲ. ಅವೆಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡುವ ಆಜ್ಞೆಗಳ ಸರಣಿಯೊಂದನ್ನು, ಎಂದರೆ ಸ್ಕ್ರಿಪ್ಟನ್ನು, ನಾನು ಗೋಕಾಕದ ನನ್ನ ಲಿನಕ್ಸ್ ಯಂತ್ರದಲ್ಲಿ ಸಿದ್ಧಪಡಿಸಿ, ನಡೆಸಿ ನೋಡಿ, ಕಾಗದದ ಮೇಲೆ ಮುದ್ರಿಸಿ ಕೊಟ್ಟೆನು.

ಗೆಳೆಯರದು ವಿಂಡೋಸ್ ಯಂತ್ರ. ಅದರಲ್ಲಿ ಯೂನಿಕ್ಸ್ ಬಗೆಯ ಆಜ್ಞೆಗಳು ನಡೆಯುವಂತೆ ಸಿಗ್ವಿನ್ ಎಂಬ ತಂತ್ರಾಂಶವನ್ನು ಅಳವಡಿಸಿದ್ದರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳು ಸ್ಕ್ರಿಪ್ಟನ್ನು ನೋಟ್‌ಪ್ಯಾಡಿನಲ್ಲಿ ಒಂದಕ್ಷರವೂ ತಪ್ಪದಂತೆ ಟೈಪು ಮಾಡಿದಳು. ಆದರೂ ಅದು ನಡೆಯಲಿಲ್ಲ. ಎರಡನೆಯ ಸಾಲಿನಲ್ಲಿ ಆಜ್ಞೆ ಸಿಗಲಿಲ್ಲವೆಂದು ದೋಷಸೂಚನೆ ಬಂದಿತು. ಆ ಸಾಲು ಬರಿದಾಗಿತ್ತು!

“ಕಾಕಾ, ಎರಡನೇ ಸಾಲಿನ್ಯಾಗ ಏನೂ ಬರದಿಲ್ಲ. ಮತ್ತ ಏನು ಸಿಗಲಿಲ್ಲ ಅಂತೈತಿ ಇದು?” ಎಂದು ಆಕೆ ಕೇಳಿದಳು.

ಪ್ರಶ್ನೆ ಸರಿಯಾಗಿತ್ತು. ಸೂಚನೆಯಲ್ಲಿ ಓರೆಗೆರೆಯೊಂದರ ಪಕ್ಕದಲ್ಲಿ ‘ಆರ್’ ಎಂಬ ಇಂಗ್ಲಿಷ್ ಅಕ್ಷರವಿದ್ದಿತು. ಅದು ‘ಕ್ಯಾರೇಜ್ ರಿಟರ್ನ್’ ಎಂಬುದರ ಗುರುತು. ಗಣಕಯಂತ್ರದಲ್ಲಿ ಕ್ಯಾರೇಜ್ ಎಲ್ಲಿಯದು? ಹುಕ್ಕೇರಿಯಲ್ಲಿ ಬಹುಕಾಲ ಟೈಪಿಂಗ್ ಕಲಿಸಿದ ಹಿರಿಯರೊಬ್ಬರ ಮನೆಗೆ ಆಕೆಯನ್ನು ಕರೆದೊಯ್ದೆನು. ಅವರು ತಮ್ಮ ಹಳೆಯ ಬೆರಳಚ್ಚು ಯಂತ್ರದ ಸನ್ನೆಯನ್ನು ತಳ್ಳಿ ತೋರಿಸಿದರು. ಕಾಗದವು ಒಂದು ಸಾಲು ಮೇಲೇರಿತು. ಕಾಗದ ಹೊತ್ತ ಕ್ಯಾರೇಜು ಸಾಲಿನ ಮೊದಲಿಗೆ ಮರಳಿತು. ಕೆಲಸಗಳು ಎರಡು.

ಟೆಲಿಪ್ರಿಂಟರಿನಲ್ಲಿ ಈ ಎರಡು ಕೆಲಸಗಳಿಗೆ ಎರಡು ಸಂಕೇತಗಳಿದ್ದವು. ಗಣಕಯಂತ್ರದ ಅಕ್ಷರಪಟ್ಟಿಯಲ್ಲಿ ಮರಳುವುದಕ್ಕೆ ೧೩, ಸಾಲು ಬದಲಿಸುವುದಕ್ಕೆ ೧೦ ಎಂಬ ಸಂಖ್ಯೆಗಳು ಸಂದವು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್, ಸಾಲಿನ ಕೊನೆಗೆ ೧೦ ಒಂದೇ ಸಾಕೆಂದು ಬಗೆಯಿತು. ೧೯೮೧ರಲ್ಲಿ ಬಂದ ಎಂಎಸ್-ಡಾಸ್, ಅದರ ಹಿಂದೆ ವಿಂಡೋಸ್, ಎರಡನ್ನೂ ಉಳಿಸಿಕೊಂಡವು. ಆದುದರಿಂದ ನೋಟ್‌ಪ್ಯಾಡು ಪ್ರತಿಯೊಂದು ಸಾಲಿನ ಕೊನೆಯಲ್ಲಿ ೧೩ನ್ನೂ ಇರಿಸಿತ್ತು. ಯೂನಿಕ್ಸಿನ ರೀತಿಯಲ್ಲಿ ಓದುವ ತಂತ್ರಾಂಶವು ಅದನ್ನೇ ಒಂದು ಆಜ್ಞೆಯೆಂದು ತಿಳಿದು ಹುಡುಕಿತು. ನಮ್ಮ ಕಣ್ಣಿಗೆ ಬರಿದಾದ ಸಾಲು ಯಂತ್ರಕ್ಕೆ ಬರಿದಾಗಿರಲಿಲ್ಲ.

ಡಾಸ್‌ಟುಯೂನಿಕ್ಸ್ ಎಂಬ ಉಪಕರಣವು ಹೆಚ್ಚಿನ ಅಕ್ಷರಗಳನ್ನು ಕ್ಷಣಮಾತ್ರದಲ್ಲಿ ತೆಗೆದುಹಾಕಿತು. ಸ್ಕ್ರಿಪ್ಟು ನಡೆಯಿತು, ಹಾಡುಗಳಿಗೆ ಎರಡನೆಯ ಪ್ರತಿ ದೊರೆಯಿತು.

ದೋಷಸೂಚನೆಯನ್ನು ಕಂಡೊಡನೆ ಯಂತ್ರವನ್ನು ಹಳಿಯುವವರುಂಟು. ಓದದೆಯೇ ಅಳಿಸಿಬಿಡುವವರೂ ಉಂಟು. ಆ ಬಾಲಕಿಯಾದರೋ ಅದನ್ನು ಓದಿದಳು, ಅದು ಹೇಳಿದ ಸಾಲಿಗೆ ಹೋಗಿ ನೋಡಿದಳು, ತಿಳಿಯದುದನ್ನು ಕೇಳಿದಳು. ದೋಷವನ್ನು ಹುಡುಕುವ ವಿದ್ಯೆಯ ಬಹುಪಾಲು ಇಷ್ಟೇ.