ಕಡಲ ನಡುವೆ ಸಿಹಿನೀರಿನ ಲೆಕ್ಕ

ನಮ್ಮ ರೂಪನಗುಡಿ ಕಡೆಯ ಹೆಣ್ಣುಮಕ್ಕಳಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೇಳೆ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ. ಹೀಗಾಗಿ ನಮ್ಮವರು "ಲಕ್ಷದ್ವೀಪ ನೋಡಿ ಬರೋಣವೇ?" ಎಂದಾಗ, "ಅಲ್ಲಿ ಕುಡಿಯೋಕೆ ನೀರು ಐತೇನ್ರೀ?" ಎಂದೆ. ಅವರು ನಕ್ಕರು. ಆ ಪ್ರಶ್ನೆ ನಗುವಂಥದ್ದಲ್ಲವೆಂದು ಅಲ್ಲಿ ಹೋದ ಮೇಲೆ ಇಬ್ಬರಿಗೂ ತಿಳಿಯಿತು.

ನಮ್ಮ ಮಾವನವರಿಗೆ ಮಾತ್ರ ಆ ದ್ವೀಪಗಳು ಅಷ್ಟೇನೂ ದೂರವೆನಿಸಲಿಲ್ಲ. 1953ರವರೆಗೆ ಬಳ್ಳಾರಿ ಮದರಾಸು ಸರ್ಕಾರದ ಕೆಳಗಿತ್ತಲ್ಲ. ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳೂ ಅದೇ ಸರ್ಕಾರದವು. 1956ರವರೆಗೆ ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅಕ್ಕಿ ಒಯ್ಯುತ್ತಿದ್ದರಂತೆ.

ಪರವಾನಗಿ ಪಡೆದು ಕೊಚ್ಚಿಯಲ್ಲಿ ಹಡಗು ಹತ್ತಿದೆವು. ಲಕ್ಷದ್ವೀಪದಲ್ಲಿ ಜನ ವಾಸಿಸುವ ದ್ವೀಪಗಳು ಹತ್ತೇ. ಎಲ್ಲಾ ದ್ವೀಪ ಕೂಡಿಸಿದರೂ ನೆಲ 32 ಚದರ ಕಿಲೋಮೀಟರು. ನದಿಯಿಲ್ಲ, ಹಳ್ಳವಿಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ನಿಂತಂತೆ ಅನ್ನಿ. ಸೌಟನ್ನು ಮೇಲಮೇಲೆ ಆಡಿಸಿದರೆ ಎಣ್ಣೆ. ಆಳಕ್ಕೆ ಇಳಿಸಿದಿರೋ, ಸಾರೇ!

ಕವರತ್ತಿಯಲ್ಲಿ ನಮಗೆ ಎಳನೀರು ಕೊಟ್ಟ ತಾಯಿಯೊಬ್ಬರು ತಮ್ಮ ಬಾವಿ ತೋರಿಸಿದರು. "ಪಂಪು ಹೆಚ್ಚು ಹೊತ್ತು ಓಡಿಸಿದರೆ ನೀರು ಉಪ್ಪಾಗ್ತದೆ" ಎಂದರು. ಮಲಯಾಳಂ ಬಲ್ಲ ಸಹಪ್ರಯಾಣಿಕರು ನಮಗೆ ತಿಳಿಸಿ ಹೇಳಿದರು. ಆ ಊರಿನಲ್ಲಿ 2005ರಿಂದ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರವಿದೆ. ದಿನಕ್ಕೆ ಒಂದು ಲಕ್ಷ ಲೀಟರು ನೀರು ಕೊಡುವಂತೆ ಕಟ್ಟಿದ್ದು. ಮೇಲಿನ ಬೆಚ್ಚನೆಯ ನೀರನ್ನು ಆವಿ ಮಾಡಿ, ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪಾಗಿಸುತ್ತಾರೆ. ನಮ್ಮ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವುದಿಲ್ಲವೇ, ಹಾಗೆಯೇ.

ಮರುದಿನ ಕಲ್ಪೇನಿಯಲ್ಲಿ ಕಡಲಸ್ನಾನ. ಬಳಿಕ ನಮ್ಮ ಜೊತೆಯ ಒಬ್ಬಾಕೆ ನಲ್ಲಿ ಪೂರಾ ಬಿಟ್ಟು ಮರಳು ತೊಳೆಯುತ್ತಲೇ ನಿಂತರು. "ಅಕ್ಕಾ, ಸಾಕಲ್ವೇ?" ಎಂದೆ. "ದುಡ್ಡು ಕೊಟ್ಟೇ ಬಂದೀವಲ್ರೀ" ಎಂದುಬಿಟ್ಟರು. ನಿಜ, ಕೊಟ್ಟೇ ಬಂದಿದ್ದೆವು. ಆದರೆ ನಮ್ಮ ದುಡ್ಡು ಹಡಗಿಗೆ, ಊಟಕ್ಕೆ. ಮುಂದಿನ ಮಳೆಯವರೆಗೆ ಆ ಬಾವಿಯಿಂದಲೇ ಅನ್ನ ಬೇಯಿಸಬೇಕಾದವಳಿಗೆ ಅದರಿಂದ ಒಂದು ಕೊಡ ನೀರೂ ಹೆಚ್ಚುವುದಿಲ್ಲ. ಇಷ್ಟನ್ನು ಹೇಳಿದೆ. ಆಕೆ ಮುಖ ಬಿಗಿದುಕೊಂಡರು. ನಲ್ಲಿ ಮಾತ್ರ ನಿಂತಿತು. ಸಂಜೆ ಹಡಗಿನಲ್ಲಿ ತಾವಾಗಿಯೇ ಬಂದು ಪಕ್ಕದಲ್ಲಿ ಕುಳಿತರು.

ಸೋದರಿಯರೇ, ನೀವೂ ಹೋಗುವುದಾದರೆ ಮಳೆಗಾಲ ಕಳೆದ ಮೇಲೆ ಹೋಗಿ. ಪರವಾನಗಿಗೆ ಮೊದಲೇ ಅರ್ಜಿ ಹಾಕಿ. ಬೇಗ ಒಣಗುವ ತೆಳು ಸೀರೆಗಳನ್ನಿಟ್ಟುಕೊಳ್ಳಿ. ಜೊತೆಗೊಂದು ತಂಬಿಗೆಯೂ ಇರಲಿ. ನಲ್ಲಿಯ ಕೆಳಗೆ ನಿಂತರೆ ನೀರಿನ ಲೆಕ್ಕ ಸಿಗುವುದಿಲ್ಲ, ತಂಬಿಗೆಯಲ್ಲಿ ಸಿಗುತ್ತದೆ.