ಭಾರ ಮುಂದಿರಲಿ

ಡೆನ್ವರ್ ಪಕ್ಕದ ಅರೋರಾ. ಜೂನ್ ತಿಂಗಳ ಬೆಳಗಿನ ಆರು ಗಂಟೆ. ಮನೆ ಮುಂದಿನ ಕಾಂಕ್ರೀಟಿನ ಮೇಲೆ, ಮೈತೂಕ ನೋಡುವ ಯಂತ್ರವಿಟ್ಟುಕೊಂಡು ನಾನು ಒಂದೊಂದೇ ಪೆಟ್ಟಿಗೆ ತೂಗುತ್ತಿದ್ದೇನೆ. ಪುಸ್ತಕದ ಪೆಟ್ಟಿಗೆ 41 ಪೌಂಡು. ಪಾತ್ರೆಗಳದು 33. ವೆಟ್ ಗ್ರೈಂಡರಿನ ಕಲ್ಲುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಬೇರೆಯೇ ಡಬ್ಬಕ್ಕೆ ಹಾಕಿದ್ದೇನೆ. ಇವರು ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ತೂಕ ಬರೆದು ಎರಡು ರಾಶಿ ಮಾಡುತ್ತಿದ್ದಾರೆ: ಮುಂದಕ್ಕೆ, ಹಿಂದಕ್ಕೆ.

ನಮ್ಮ ಸಂಸಾರ ಸಿಯಾಟಲಿಗೆ ಹೊರಟಿದೆ. ಸುಮಾರು 1,300 ಮೈಲಿ. ಕಾರಿನ ಹಿಂದೆ ನಿನ್ನೆ ಸಂಜೆ ಬಾಡಿಗೆಗೆ ತಂದ ಯೂ-ಹಾಲ್ ಟ್ರೈಲರು, ಐದಡಿ ಅಗಲ, ಎಂಟಡಿ ಉದ್ದ. ಖಾಲಿ ಇದ್ದಾಗ ಅದರ ತೂಕವೇ 900 ಪೌಂಡು. ಸಾಮಾನು ಸೇರಿ 2,700 ದಾಟುವಂತಿಲ್ಲ. ಅಂದರೆ ಇಷ್ಟು ವರ್ಷ ಕೂಡಿಟ್ಟದ್ದರಲ್ಲಿ 1,800 ಪೌಂಡಿಗೆ ಮಾತ್ರ ಜಾಗ. ಕಾರಿನ ಕೈಪಿಡಿ 5,000 ಪೌಂಡು ಎಳೆಯಬಹುದು ಅನ್ನುತ್ತದೆ, ನಿಜ. ಆದರೆ ಎಳೆಯುವ ಶಕ್ತಿ ಕಾರಿನಲ್ಲಿ ಬೇಕಾದಷ್ಟಿದೆ, ನನ್ನ ಯೋಚನೆಯೆಲ್ಲ ನಿಲ್ಲಿಸುವುದರ ಬಗ್ಗೆ. ಈ ಅಳತೆಯ ಟ್ರೈಲರಿಗೆ ತನ್ನದೇ ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ಅದು ಹಿಂದಿನಿಂದ ತಳ್ಳುವಾಗ ತಡೆಯಬೇಕಾದ್ದು ಕಾರು ಒಂದೇ.

ಸಹಾಯಕ್ಕೆ ಬಂದ ಪಕ್ಕದ ಬೀದಿಯ ಹುಡುಗ ಹಾಸಿಗೆ ಎತ್ತಿಕೊಂಡೇ ಕೇಳುತ್ತಾನೆ, “ಅಕ್ಕಾ, ದೊಡ್ಡದನ್ನ ಮೊದಲು ಒಳಗೆ ನೂಕಿಬಿಡ್ಲಾ?”

“ಬೇಡಪ್ಪ. ಮೊದಲು ಪುಸ್ತಕ. ತಳದಲ್ಲಿ, ಮುಂದುಗಡೆ ಗೋಡೆಗೆ ಒತ್ತಿ.”

ಹೊರೆಯ ನೂರಕ್ಕೆ ಅರವತ್ತು ಭಾಗ ಟ್ರೈಲರಿನ ಮುಂದಿನ ಅರ್ಧದಲ್ಲಿ ಇರಬೇಕು. ಊರಲ್ಲಿ ಎತ್ತಿನ ಗಾಡಿಗೆ ಹೇರು ಹಾಕುವಾಗ ಮಾವನವರು ನೋಡುತ್ತಿದ್ದದ್ದೂ ಇದನ್ನೇ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಇಲ್ಲಿ ಹಿಂಭಾರವಾದರೆ ವೇಗದಲ್ಲಿ ಬಾಲ ಅತ್ತಿತ್ತ ಬೀಸತೊಡಗುತ್ತದೆ, ಕೊನೆಗೆ ಕಾರನ್ನೇ ತಿರುಗಿಸಿ ಒಗೆಯುತ್ತದೆ. ಕಲ್ಲಿನ ಡಬ್ಬ ಮುಂದಕ್ಕೆ ಹೋಗುತ್ತದೆ. ಕುಕ್ಕರು, ಹಿತ್ತಾಳೆ ದೀಪ, ಹೊಲಿಗೆ ಯಂತ್ರ ಎಲ್ಲ ಮುಂದಕ್ಕೆ. ಹಾಸಿಗೆ, ದಿಂಬು, ಚಳಿಗಾಲದ ಕೋಟುಗಳು ಹಿಂದಕ್ಕೆ. ಊಟದ ಮೇಜು ನೆರೆಯವರ ಪಾಲಾಯಿತು. ಅದನ್ನು ಬಿಡಬಾರದೆಂದು ಅತ್ತವಳು ನಾನು, ಬಿಡಬೇಕೆಂದು ಲೆಕ್ಕ ಹಾಕಿದವಳೂ ನಾನೇ.

ಬಾಗಿಲು ಹಾಕಿ ಬೀಗ ಜಡಿದ ಮೇಲೆ ಮಂಡಿಯೂರಿ ಕೊಂಡಿ ನೋಡುತ್ತೇನೆ. ಉಕ್ಕಿನ ಗುಂಡಿನ ಮೇಲೆ ಟ್ರೈಲರಿನ ಮೂತಿ ಪೂರ್ತಿ ಕೂತಿದೆ. ಸರಪಳಿಗಳು ಅದರಡಿ ಒಂದನ್ನೊಂದು ದಾಟಿ ಹೋಗಿವೆ. ಅಕಸ್ಮಾತ್ ಕೊಂಡಿ ಕಳಚಿದರೂ ಮೂತಿ ರಸ್ತೆಗೆ ಬಡಿಯದೆ ಆ ತೊಟ್ಟಿಲಿಗೆ ಬೀಳುತ್ತದೆ. “ಎಡಗಡೆ ಸಿಗ್ನಲ್ ಹಾಕ್ರೀ. ಬಲಗಡೆ. ಈಗ ಬ್ರೇಕ್ ಒತ್ತಿ.” ಕೆಂಪು ದೀಪ ಹತ್ತುತ್ತದೆ.

ಫೋನಿನ ನಕ್ಷೆ ಇಪ್ಪತ್ತು ಗಂಟೆ ತೋರಿಸುತ್ತಿದೆ. ಅದಕ್ಕೆ ಟ್ರೈಲರ್ ಇರುವುದು ಗೊತ್ತಿಲ್ಲ. ನಮ್ಮ ಮಿತಿ ಗಂಟೆಗೆ 55 ಮೈಲಿ. ಬರೀ ಚಕ್ರ ಉರುಳುವುದಕ್ಕೇ ಇಪ್ಪತ್ನಾಲ್ಕು ಗಂಟೆ ಬೇಕು. ರಾತ್ರಿ ತಂಗಲು ಲ್ಯಾರಮಿ, ಆಗ್ಡನ್, ಬೇಕರ್ ಸಿಟಿ. ಪ್ರತಿಯೊಂದು ಕಡೆಯೂ ಫೋನ್ ಮಾಡಿ, ರಿವರ್ಸ್ ತೆಗೆಯದೆ ಹೊರಬರುವ ಜಾಗ ಇದೆಯೇ ಎಂದು ಕೇಳಿಯೇ ಕೋಣೆ ಹಿಡಿದದ್ದು. ಇಂದು ಲ್ಯಾರಮಿಯಲ್ಲೇ ನಿಲ್ಲುವುದಕ್ಕೆ ಬೇರೆ ಕಾರಣ ಇದೆ: ಅದರಾಚೆಗಿನ ಎಲ್ಕ್ ಮೌಂಟನ್ ಬಯಲಿನ ಗಾಳಿ. ಹೊತ್ತೇರಿದಂತೆ ಅದು ಬಲಿಯುತ್ತದೆ. ಗಾಳಿ ಮಿತಿ ಮೀರಿದರೆ ಹಗುರವಾದ, ಎತ್ತರದ ವಾಹನಗಳಿಗೆ ವಯೋಮಿಂಗ್‌ನವರು ಹೆದ್ದಾರಿಯನ್ನೇ ಮುಚ್ಚುತ್ತಾರೆ.

ಮರುದಿನ ನಸುಕಿನಲ್ಲಿ ಐ-80. ಬಲಗಡೆಯ ಲೇನು ಹಿಡಿದಿದ್ದೇವೆ. ಮರವೇ ಇಲ್ಲದ ಬಯಲು, ಹುಲ್ಲು ನೆಲಕ್ಕೆ ಒರಗಿಕೊಂಡಿದೆ. ಹಿಂದಿನಿಂದ ಒಂದು ಲಾರಿ ರಭಸವಾಗಿ ದಾಟುತ್ತದೆ. ಮೊದಲು ಅದರ ಗಾಳಿ ನಮ್ಮನ್ನು ಆಚೆ ನೂಕುತ್ತದೆ, ಮರುಕ್ಷಣ ತನ್ನತ್ತ ಸೆಳೆಯುತ್ತದೆ. ಕನ್ನಡಿಯಲ್ಲಿ ಟ್ರೈಲರ್ ಸಣ್ಣಗೆ ತೊನೆಯುತ್ತದೆ.

“ಕಾಲು ತೆಗೀರಿ. ಬ್ರೇಕ್ ಬೇಡ. ಸ್ಟಿಯರಿಂಗ್ ನೆಟ್ಟಗಿರ್ಲಿ.”

ಮುಳ್ಳು 55ರಿಂದ 50ಕ್ಕೆ, 45ಕ್ಕೆ ಇಳಿಯುತ್ತದೆ. ತೊನೆತ ನಿಲ್ಲುತ್ತದೆ. ಪುಸ್ತಕಗಳು ತಮ್ಮ ಜಾಗದಲ್ಲೇ ಕೂತಿವೆ. ಇವರ ಗೆಣ್ಣುಗಳು ಬಿಳಿಚಿವೆ. ಅಂಥ ಹೊತ್ತಿನಲ್ಲಿ ಬ್ರೇಕಿನತ್ತ ಹೋಗುವ ಕಾಲನ್ನು ತಡೆಯುವುದು ಸುಲಭವಲ್ಲ. ಹಿಂದಿನ ವಾರ ಸೋಫಾದ ಮೇಲೆ ಕೂತು ಈ ಮಾತನ್ನು ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡದ್ದು ಈಗ ಕೆಲಸಕ್ಕೆ ಬಂತು.

ರಾಲಿನ್ಸ್‌ನಲ್ಲಿ ಟ್ಯಾಂಕು ಅರ್ಧಕ್ಕಿಂತ ಹೆಚ್ಚೇ ಇದ್ದರೂ ತುಂಬಿಸುತ್ತೇವೆ. ಮುಂದೆ ರಾಕ್ ಸ್ಪ್ರಿಂಗ್ಸ್‌ವರೆಗೆ ನೂರು ಮೈಲಿ, ನಡುವೆ ಗ್ರೇಟ್ ಡಿವೈಡ್ ಬೇಸಿನ್. ಅಲ್ಲಿ ಬಿದ್ದ ಮಳೆ ಯಾವ ಸಮುದ್ರವನ್ನೂ ಸೇರುವುದಿಲ್ಲ, ಅಲ್ಲೇ ಆರುತ್ತದೆ. ಯೂಟಾ, ಐಡಹೋ ಹೇಗೋ ಕಳೆದವು, ಬಿಸಿಲು, ಚಪಾತಿ ರೋಲು, ಚಿತ್ರಾನ್ನ.

ನನ್ನ ಕಾಗದದಲ್ಲಿ ಕೆಂಪು ಗೆರೆ ಎಳೆದಿರುವುದು ಆರೆಗನ್‌ನಲ್ಲಿ, ಬ್ಲೂ ಮೌಂಟನ್ಸ್ ಇಳಿಯುವ ಕ್ಯಾಬೇಜ್ ಹಿಲ್‌ಗೆ. ಆರು ಮೈಲಿಯಲ್ಲಿ ಸುಮಾರು 2,000 ಅಡಿ ಇಳಿತ, ಅಂದರೆ ನೂರಕ್ಕೆ ಸುಮಾರು ಆರು, ನಡುವೆ ಹಿಂದಕ್ಕೇ ಮಡಚಿದಂಥ ತಿರುವುಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಆರೆಗನ್ ಟ್ರೇಲ್ ಹಿಡಿದವರು ಎತ್ತಿನ ಬಂಡಿಗಳಲ್ಲಿ ದಾಟಿದ್ದು ಇದೇ ಬೆಟ್ಟಸಾಲನ್ನು. ದಾರಿಯುದ್ದಕ್ಕೂ ಅವರು ಒಲೆ, ಪೆಟ್ಟಿಗೆ, ಮೇಜುಗಳನ್ನು ಇಳಿಸಿ ಬಿಟ್ಟು ಹೋದರು. ಅರೋರಾದಲ್ಲಿ ಬಿಟ್ಟ ಮೇಜಿನ ದುಃಖ ಇಲ್ಲಿ ಸ್ವಲ್ಪ ಹಗುರಾಗುತ್ತದೆ.

ಇಳಿಜಾರು ಶುರುವಾಗುವ ಮೊದಲೇ ಇವರು ಗೇರು ಇಳಿಸುತ್ತಾರೆ. ಎಂಜಿನ್ ದನಿ ಏರುತ್ತದೆ, ಟ್ರೈಲರ್ ಬೆನ್ನಿಗೆ ಒತ್ತುತ್ತದೆ. ಬ್ರೇಕಿನ ಮೇಲೆ ಕಾಲೂರಿ ಕೂತರೆ ಅದು ಕಾದು ಹಿಡಿತ ಬಿಡುತ್ತದೆ. ಆದ್ದರಿಂದ ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ 35ಕ್ಕೆ ತಂದು, ಬಿಡುವುದು. 40 ಆದಾಗ ಮತ್ತೆ ಒತ್ತುವುದು. ಪಕ್ಕದಲ್ಲಿ ಬ್ರೇಕ್ ಸೋತ ಲಾರಿಗಳಿಗೆಂದು ಜಲ್ಲಿ ತುಂಬಿದ ಏರುದಾರಿ. ಕೆಳಗೆ ಗೋಧಿ ಹೊಲಗಳು ಹರಡಿಕೊಂಡಿವೆ. ಅವನ್ನು ನೋಡುತ್ತಿರುವುದು ನಾನೊಬ್ಬಳೇ, ಇವರ ಕಣ್ಣು ರಸ್ತೆ ಬಿಟ್ಟು ಅಲುಗುವುದಿಲ್ಲ.

ಪೆಂಡಲ್ಟನ್‌ನ ಪೆಟ್ರೋಲ್ ಬಂಕಿನಲ್ಲಿ ಇಳಿದು ಟ್ರೈಲರಿನ ಚಕ್ರದ ಹತ್ತಿರ ಕೈ ಹಿಡಿಯುತ್ತೇನೆ, ಎರಡೂ ಕಡೆ ಒಂದೇ ಬಿಸಿ. ಸರಪಳಿ ಸರಿಯಿದೆ, ಕೊಂಡಿ ಬಿಗಿಯಾಗಿದೆ.

“ಇನ್ನೆಷ್ಟು ಬೆಟ್ಟ ಇದೆ ನೋಡೇ,” ಎನ್ನುತ್ತಾ ಇವರು ಫ್ಲಾಸ್ಕು ತೆರೆಯುತ್ತಾರೆ.

“ಸ್ನೋಕ್ವಾಲ್ಮಿ ಇದೆ. 3,022 ಅಡಿ. ನೀವು ಕಾಫಿ ಕುಡೀರಿ, ಈ ಸಲ ನಾನು ಓಡಿಸ್ತೀನಿ.”